ಬೆಂಗಳೂರಿನ ಸುಬ್ಬರಾವ್ ಮತ್ತು ಗಲ್ಲು ತಪ್ಪಿಸಿದ ಪ್ರಾರ್ಥನೆ

ಎಲ್ಲೋ ಒಂದು ಘೋರ ಕೊಲೆಯಾದ ಸುದ್ದಿ ಬಂತೆಂದರೆ ನಮ್ಮ ಹಳ್ಳಿಗಳ ವಾಟ್ಸಾಪ್ ಗ್ರೂಪ್‌ಗಳು ಹೇಗಿರುತ್ತವೆ ಎಂದು ನಿಮಗೇ ಗೊತ್ತು. ಮೊದಲು ಫೋಟೊ ಬರುತ್ತದೆ. ಅದರ ಕೆಳಗೆ ಸಾಲುಸಾಲಾಗಿ ಒಂದೇ ಮಾತು: ‘ಗಲ್ಲಿಗೇರಿಸಿ’. ಸುದ್ದಿ ಬರೆಯುವ ನಾವೂ ಇದರಿಂದ ಹೊರತಲ್ಲ. ‘ಗಲ್ಲು ಶಿಕ್ಷೆಗೆ ಆಗ್ರಹ’ ಎಂಬ ತಲೆಬರಹವನ್ನು ನಾವೂ ಎಷ್ಟೋ ಸಲ ಕೊಟ್ಟಿದ್ದೇವೆ.

ನಮ್ಮ ಜಿಲ್ಲೆಗೆ ಈ ಮಾತು ಸ್ವಲ್ಪ ಹೆಚ್ಚೇ ತಟ್ಟುತ್ತದೆ. ಹೊಸಕೋಟೆ ಬಳಿಯ ದಂಡುಪಾಳ್ಯದ ಹೆಸರು ಕೇಳದವರು ರಾಜ್ಯದಲ್ಲಿ ಯಾರಿದ್ದಾರೆ? 1990ರ ದಶಕದಲ್ಲಿ ಒಂಟಿ ಮನೆಗಳಿಗೆ ನುಗ್ಗಿ ಕೊಂದು ದೋಚಿದ ಒಂದು ತಂಡಕ್ಕೆ ಆ ಊರಿನ ಹೆಸರು ಅಂಟಿತು. 2012ರಲ್ಲಿ ಸಿನಿಮಾ ಬಂದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಏನೂ ತಪ್ಪು ಮಾಡದೆ ಬೇಸಾಯ, ಕೂಲಿ ಮಾಡಿಕೊಂಡಿರುವ ಜನ ಊರಿನ ಹೆಸರು ಹೇಳಲು ಹಿಂದೆಮುಂದೆ ನೋಡುವಂತಾಯಿತು. ಅಂಥ ತಂಡಕ್ಕೂ ಗಲ್ಲು ಬೇಡ ಎಂದು ಯಾರಾದರೂ ಹೇಳಿದರೆ ನಮಗೆ ಮೊದಲು ಬರುವುದು ಸಿಟ್ಟು. ‘ನಿಮ್ಮ ಮನೆಯಲ್ಲೇ ಆಗಿದ್ದರೆ?’ ಎಂದು ಕೇಳುತ್ತೇವೆ. ಆ ಪ್ರಶ್ನೆ ತಪ್ಪಲ್ಲ.

ಆದರೂ ಗಲ್ಲು ಬೇಡ ಎಂದವರು ನಮ್ಮ ನಾಡಿನಲ್ಲಿ ಇದ್ದಾರೆ. ವಕೀಲರು, ಹೋರಾಟಗಾರರು ಮಾತ್ರವಲ್ಲ. ದೇವರನ್ನು ನಂಬಿದವರು, ದಿನಾ ಪ್ರಾರ್ಥನೆ ಮಾಡುವವರು, ಧರ್ಮದ ಕಾರಣಕ್ಕೇ ಹಾಗೆಂದವರು. ಅವರು ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಕೊಲೆಗಾರರು ಅಡಗಿದ್ದ ಕಣಿವೆಗೇ ಹೋಗಿ ಕೂತರು. ಅವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. ಹೆಸರು ಎಸ್.ಎನ್. ಸುಬ್ಬರಾವ್.

ಗೋಡೆ ಬರಹದಿಂದ ಕಣಿವೆಗೆ

ಸೇಲಂ ನಂಜುಂಡಯ್ಯ ಸುಬ್ಬರಾವ್ ಹುಟ್ಟಿದ್ದು 1929ರ ಫೆಬ್ರುವರಿ 7ರಂದು, ಬೆಂಗಳೂರಿನಲ್ಲಿ. 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾದಾಗ ಅವರಿಗೆ ಬರೀ 13 ವರ್ಷ. ಗೋಡೆ ಮೇಲೆ ಘೋಷಣೆ ಬರೆದ ಹುಡುಗನನ್ನು ಪೊಲೀಸರು ಹಿಡಿದರು.

ಆಗ ಬೆಂಗಳೂರು ಹೇಗಿತ್ತು ಎಂದು ತಿಳಿಯಲು ಇನ್ನೊಂದು ಘಟನೆ ನೆನೆಯಬೇಕು. ಅದೇ ಚಳವಳಿಯಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನ ಜನ ತಮ್ಮೂರು ಸ್ವತಂತ್ರ ಎಂದು ಸಾರಿದರು. ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಆ ಜೈಲು ಇದ್ದ ಜಾಗವೇ ಇವತ್ತು ನಾವು ಪ್ರತಿಭಟನೆಗೆ ಬಸ್ಸು ಹತ್ತಿ ಹೋಗುವ ಫ್ರೀಡಂ ಪಾರ್ಕ್. ಆ ಐವರು ಅಂದು ಸರ್ಕಾರದ ಲೆಕ್ಕದಲ್ಲಿ ಕೊಲೆಗಾರರು, ಇಂದು ನಮ್ಮ ಲೆಕ್ಕದಲ್ಲಿ ಹುತಾತ್ಮರು. ಲೆಕ್ಕ ಬದಲಾಯಿತು. ಹೋದ ಜೀವ ಮಾತ್ರ ವಾಪಸು ಬರಲಿಲ್ಲ.

ಸುಬ್ಬರಾವ್ ಓದು ಮುಗಿಸಿದ ಮೇಲೆ ಸೇವಾದಳ ಕಟ್ಟಿದ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಅವರ ಕರೆಗೆ ಓಗೊಟ್ಟು ದೆಹಲಿಗೆ ಹೋದರು. ಮದುವೆಯಾಗಲಿಲ್ಲ. ಖಾದಿ ಚಡ್ಡಿ, ಖಾದಿ ಅಂಗಿ, ಬಾಯಲ್ಲಿ ಹಾಡು. ಯುವಕರನ್ನು ಸೇರಿಸಿ ಶಿಬಿರ ಮಾಡುವುದು, ಎಲ್ಲ ಧರ್ಮಗಳ ಪ್ರಾರ್ಥನೆ ಒಟ್ಟಿಗೆ ಹೇಳಿಸುವುದು, ಗುದ್ದಲಿ ಹಿಡಿಸಿ ರಸ್ತೆ ಮಾಡಿಸುವುದು ಅವರ ಕೆಲಸವಾಯಿತು. ಜನ ಪ್ರೀತಿಯಿಂದ ‘ಭಾಯೀಜಿ’ ಎಂದರು. 1969ರ ಗಾಂಧಿ ಶತಮಾನೋತ್ಸವದಲ್ಲಿ ದೇಶ ಸುತ್ತಿದ ಗಾಂಧಿ ದರ್ಶನ ರೈಲಿನ ಹೊಣೆ ಹೊತ್ತವರೂ ಅವರೇ. ಅದರ ಬೆನ್ನಿಗೇ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾದಲ್ಲಿ ಮಹಾತ್ಮ ಗಾಂಧಿ ಸೇವಾಶ್ರಮ ಕಟ್ಟಿದರು.

ಜೌರಾ ಎಂದರೆ ಚಂಬಲ್ ಸೀಮೆ. ನಮ್ಮ ಪಕ್ಕದ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ ಡಕಾಯಿತರನ್ನು ನೀವು ನೋಡಿದ್ದೀರಿ. ಅಂಥವರು ನಿಜವಾಗಿ ಬದುಕಿದ್ದ ಜಾಗ ಚಂಬಲ್. ನೀರು ಕೊರೆದ ಮಣ್ಣಿನ ಕೊರಕಲು ಮೈಲಿಗಟ್ಟಲೆ. ಒಳಗೆ ಹೋದವನನ್ನು ಹುಡುಕುವುದು ಕಷ್ಟ. ಜಮೀನಿನ ಜಗಳ, ಜಾತಿ ಜಗಳ, ಒಂದು ಕೊಲೆಗೆ ಇನ್ನೊಂದು ಕೊಲೆ. ಸೇಡು ತೀರಿಸಿದವನು ಕಣಿವೆಗೆ ಇಳಿಯುತ್ತಿದ್ದ. ಡಕಾಯಿತರು ತಮ್ಮನ್ನು ಡಕಾಯಿತರು ಎನ್ನುತ್ತಿರಲಿಲ್ಲ, ‘ಬಾಗಿ’ ಎನ್ನುತ್ತಿದ್ದರು. ಅಂದರೆ ಬಂಡಾಯಗಾರ.

ಗಲ್ಲಿನ ಕೋಣೆಯಿಂದ ಬಂದ ಕಾಗದ

ಈ ಕತೆಗೆ ಒಂದು ಹಿನ್ನೆಲೆ ಇದೆ. ಮಾನ್ ಸಿಂಗ್ ಎಂಬ ಹೆಸರಾಂತ ಡಕಾಯಿತನ ಮಗ ತಹಸೀಲ್ದಾರ್ ಸಿಂಗ್ ಗಲ್ಲು ಶಿಕ್ಷೆಯಾಗಿ ನೈನಿ ಜೈಲಿನಲ್ಲಿದ್ದ. ಅಲ್ಲಿಂದ ಅವನು ವಿನೋಬಾ ಭಾವೆ ಅವರಿಗೆ ಕಾಗದ ಬರೆದ. ಸಾಯುವ ಮುಂಚೆ ನಿಮ್ಮ ದರ್ಶನವಾಗಬೇಕು ಎಂಬುದು ಅವನ ಬೇಡಿಕೆ. ವಿನೋಬಾ ತಮ್ಮ ಪರವಾಗಿ ಮೇಜರ್ ಜನರಲ್ ಯದುನಾಥ್ ಸಿಂಗ್ ಅವರನ್ನು ಕಳಿಸಿದರು. ಅವರ ಮೂಲಕ, ಕಣಿವೆಯಲ್ಲಿ ಉಳಿದವರನ್ನೂ ನೀವು ಬಂದು ತಿದ್ದಬೇಕು ಎಂದು ಅವನು ಕೇಳಿಕೊಂಡ.

1960ರ ಮೇ ತಿಂಗಳ ಸುಡುಬಿಸಿಲಿನಲ್ಲಿ ವಿನೋಬಾ ಕಣಿವೆಯಲ್ಲಿ ಪಾದಯಾತ್ರೆ ಮಾಡಿದರು. ಭೂದಾನಕ್ಕೆ ಊರೂರು ನಡೆದ ಹಾಗೆಯೇ. ಕೈಯಲ್ಲಿ ಬಂದೂಕು ಇಲ್ಲ, ಪೊಲೀಸರ ಕಾವಲು ಬೇಡ. ಸಂಜೆ ಪ್ರಾರ್ಥನೆ ಸಭೆ. ಸುಮಾರು 20 ಮಂದಿ ಬಂದು ಬಂದೂಕು ಕೆಳಗಿಟ್ಟರು. ತಹಸೀಲ್ದಾರ್ ಸಿಂಗ್‌ನ ಗಲ್ಲು ಶಿಕ್ಷೆ ಮುಂದೆ ಜೀವಾವಧಿಗೆ ಇಳಿಯಿತು.

1972ರ ಏಪ್ರಿಲ್ 14

ಹತ್ತು ವರ್ಷ ಕಳೆಯಿತು. 1971ರಲ್ಲಿ ಒಂದು ದಿನ ಪಟ್ನಾದಲ್ಲಿ ಜಯಪ್ರಕಾಶ್ ನಾರಾಯಣ್ ಅವರ ಮನೆಗೆ ಒಬ್ಬ ಬಂದ. ರಾಮ್ ಸಿಂಗ್, ಕಂಟ್ರಾಕ್ಟರ್ ಎಂದು ಹೇಳಿಕೊಂಡ. ಚಂಬಲ್‌ನ ಬಾಗಿಗಳು ಶರಣಾಗಲು ತಯಾರಿದ್ದಾರೆ, ನೀವು ಕೈಹಿಡಿಯಬೇಕು ಎಂದ. ಜೆಪಿ ಒಪ್ಪಲಿಲ್ಲ. ಕೊನೆಗೆ ಅವನು ಗುಟ್ಟು ಬಿಟ್ಟುಕೊಟ್ಟ. ತಾನೇ ಮಾಧೋ ಸಿಂಗ್, ತಲೆಗೆ ಬಹುಮಾನ ಕಟ್ಟಿರುವ ಡಕಾಯಿತ. ಬೇಕಿದ್ದರೆ ಪೊಲೀಸರಿಗೆ ಒಪ್ಪಿಸಿ ಎಂಬಂತೆ ಜೆಪಿ ಮುಂದೆ ಕೂತ. ಅಷ್ಟು ನಂಬಿ ಬಂದವನನ್ನು ಜೆಪಿ ವಾಪಸು ಕಳಿಸಲಿಲ್ಲ.

ಅಲ್ಲಿಂದ ಮಾತುಕತೆ ಶುರುವಾಯಿತು. ಬಾಗಿಗಳಿಗೆ ಇದ್ದ ದೊಡ್ಡ ಭಯ ಜೈಲಿನದಲ್ಲ, ಹಗ್ಗದ್ದು. ಹೇಗೂ ನೇಣಿಗೆ ಹಾಕುವುದಾದರೆ ಗುಂಡು ಹಾರಿಸುತ್ತಲೇ ಸಾಯುತ್ತೇವೆ ಎಂಬುದು ಅವರ ಲೆಕ್ಕ. ಜೆಪಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರಗಳ ಜೊತೆ ಮಾತಾಡಿ ಒಂದು ಭರವಸೆ ಪಡೆದರು. ಶರಣಾದವರ ಮೇಲೆ ಕೇಸು ನಡೆಯುತ್ತದೆ, ಶಿಕ್ಷೆ ಆಗುತ್ತದೆ, ಆದರೆ ಯಾರನ್ನೂ ಗಲ್ಲಿಗೇರಿಸುವುದಿಲ್ಲ.

ಇಲ್ಲಿ ಒಂದು ಅನುಮಾನ ಬರಬಹುದು. ಜಡ್ಜ್ ತೀರ್ಪು ಕೊಡುವ ಮೊದಲೇ ಸರ್ಕಾರ ಹೀಗೆ ಮಾತು ಕೊಡಲು ಬರುತ್ತದೆಯೇ? ಹೀಗೇ ತೀರ್ಪು ಕೊಡಿ ಎಂದು ನ್ಯಾಯಾಲಯಕ್ಕೆ ಯಾರೂ ಹೇಳುವಂತಿಲ್ಲ. ಆದರೆ ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಕಾನೂನಿನಲ್ಲಿ ಸರ್ಕಾರಕ್ಕೆ, ಸಂವಿಧಾನದಲ್ಲಿ ರಾಜ್ಯಪಾಲರಿಗೆ, ರಾಷ್ಟ್ರಪತಿಗಳಿಗೆ ಇದೆ. ಭರವಸೆ ನಿಂತದ್ದು ಅದರ ಮೇಲೆ.

ಕಣಿವೆಯ ಕಡೆಯ ಕೆಲಸ ಮಾಡಿದವರು ಸುಬ್ಬರಾವ್ ಮತ್ತು ಸರ್ವೋದಯದ ಕಾರ್ಯಕರ್ತರು. ಕೊರಕಲಿನೊಳಗೆ ಹೋಗಬೇಕು, ನಂಬಿಸಬೇಕು, ಎದುರಾಳಿ ತಂಡಗಳು ಒಂದೇ ಕಡೆ ಸೇರಿದಾಗ ಗುಂಡು ಹಾರದ ಹಾಗೆ ನೋಡಿಕೊಳ್ಳಬೇಕು. 1972ರ ಏಪ್ರಿಲ್ 14ರಂದು ಜೌರಾದಲ್ಲಿ ಗಾಂಧೀಜಿ ಫೋಟೊ ಮುಂದೆ, ಜೆಪಿ ಮತ್ತು ಅವರ ಪತ್ನಿ ಪ್ರಭಾವತಿ ಅವರ ಎದುರು ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತವರ ಸಂಗಡಿಗರು ಬಂದೂಕು ಕೆಳಗಿಟ್ಟು ಕೈಮುಗಿದರು. ಅದೇ ವರ್ಷ ಅವರ ಹಿಂದೆ ಬಂದವರನ್ನೂ ಸೇರಿಸಿದರೆ ಲೆಕ್ಕ ನೂರಾರು.

ಅವರಿಗೆ ಕೋಳ ಬಿತ್ತು, ವಿಚಾರಣೆ ನಡೆಯಿತು, ವರ್ಷಗಟ್ಟಲೆ ಜೈಲಾಯಿತು. ಮುಂಗಾವಲಿಯಲ್ಲಿ ಅವರಿಗಾಗಿಯೇ ಒಂದು ಬಯಲು ಬಂದೀಖಾನೆ ತೆರೆದರು. ಗನ್ ಹಿಡಿದ ಕೈ ನೇಗಿಲು ಹಿಡಿಯಿತು.

ಸತ್ತವರ ಮನೆಯವರ ಮಾತು

ಇಷ್ಟೇ ಹೇಳಿ ನಿಲ್ಲಿಸಿದರೆ ಇದು ಹರಿಕತೆಯಾಗುತ್ತದೆ. ಆಗಲೇ ಟೀಕೆಯೂ ಜೋರಾಗಿತ್ತು. ಕೊಲೆ ಮಾಡಿದವರಿಗೆ ವೇದಿಕೆ, ಹಾರ, ಪೇಪರಿನಲ್ಲಿ ಫೋಟೊ. ಗಂಡನನ್ನು, ಮಗನನ್ನು ಕಳೆದುಕೊಂಡ ಹೆಂಗಸಿಗೆ ಯಾವ ವೇದಿಕೆ? ಪ್ರಾಣದ ಹಂಗು ತೊರೆದು ಕಣಿವೆಯಲ್ಲಿ ಕಾದಾಡಿದ ಪೊಲೀಸರಿಗೆ ಏನು ಮರ್ಯಾದೆ? ಈ ಪ್ರಶ್ನೆಗಳಿಗೆ ಶರಣಾಗತಿಯ ದಿನ ಪೂರ್ತಿ ಉತ್ತರ ಸಿಗಲಿಲ್ಲ.

ಡಕಾಯಿತಿಯೂ ಒಂದೇ ದಿನಕ್ಕೆ ನಿಲ್ಲಲಿಲ್ಲ. 1981ರ ಫೆಬ್ರುವರಿ 14ರಂದು ಬೆಹ್ಮಾಯಿ ಎಂಬ ಹಳ್ಳಿಯಲ್ಲಿ 20 ಜನರ ಕೊಲೆಯಾಯಿತು. ಎರಡು ವರ್ಷದ ಮೇಲೆ ಫೂಲನ್ ದೇವಿ ಭಿಂಡ್‌ನಲ್ಲಿ ಗಾಂಧೀಜಿ ಮತ್ತು ದುರ್ಗೆಯ ಫೋಟೊಗಳ ಮುಂದೆ ಶರಣಾದಳು. ಅವಳೂ ಇಟ್ಟ ಷರತ್ತು ಅದೇ: ಗಲ್ಲು ಬೇಡ. ಅವಳು ಮುಂದೆ ಸಂಸದೆಯಾದಳು. ಬೆಹ್ಮಾಯಿಯ ವಿಧವೆಯರು ಮಾತ್ರ ತೀರ್ಪಿಗಾಗಿ ನಾಲ್ಕು ದಶಕ ಕಾದರು. ಗಲ್ಲು ಬೇಡ ಎನ್ನುವವರು ಆ ಹೆಂಗಸರ ಮುಖ ನೋಡಿ ಮಾತಾಡಬೇಕು ಎಂದು ನಮಗೆ ಅನ್ನಿಸುತ್ತದೆ.

ಹಾಗೆ ನೋಡಿದರೆ ಜೌರಾದಲ್ಲಿ ಆದದ್ದೇನು? ಕೊಂದವರು ಕೊಂದದ್ದನ್ನು ಒಪ್ಪಿಕೊಂಡರು, ಶಿಕ್ಷೆ ಅನುಭವಿಸಿದರು. ಸೇಡಿಗೆ ಸೇಡು ಎಂಬ ಸರಪಳಿಯ ಒಂದು ಕೊಂಡಿ ಕಳಚಿತು. ಅಷ್ಟು ಆಯಿತು. ಸತ್ತವರ ಮನೆಯ ಸಾಲ ಬಾಕಿ ಉಳಿಯಿತು.

ನಂಬಿಕೆಯ ಬೇರು

ಇವರಿಗೆ ಈ ಧೈರ್ಯ ಎಲ್ಲಿಂದ ಬಂತು? ನಮ್ಮ ಜಿಲ್ಲೆಯ ಅಂಚಿನಲ್ಲೇ ಇರುವ ನಂದಿಬೆಟ್ಟದಲ್ಲಿ 1927ರಲ್ಲಿ, ಮತ್ತೆ 1936ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದರು. ಜೀವ ಕೊಟ್ಟವನಿಗೆ ಮಾತ್ರ ಜೀವ ತೆಗೆಯುವ ಹಕ್ಕು ಎಂಬುದು ಅವರ ನಿಲುವು. ಅವರನ್ನು ಕೊಂದ ಗೋಡ್ಸೆಯನ್ನು 1949ರ ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಗಲ್ಲಿಗೇರಿಸುವ ಮುಂಚೆ, ಬೇಡ ಎಂದು ಕೇಳಿಕೊಂಡವರಲ್ಲಿ ಗಾಂಧೀಜಿಯ ಸ್ವಂತ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸ್ ಇದ್ದರು. ‘ನಿಮ್ಮ ಮನೆಯಲ್ಲೇ ಆಗಿದ್ದರೆ?’ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಸರ್ಕಾರ ಕೇಳಲಿಲ್ಲ.

ಅದೇ ವರ್ಷ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಈ ಮಾತೆತ್ತಿದ್ದರು. ಗಲ್ಲು ಶಿಕ್ಷೆಯಾದವರ ಅಪೀಲಿನ ಬಗ್ಗೆ ಚರ್ಚೆ ನಡೆಯುತ್ತಿತ್ತು. ಅಹಿಂಸೆಯನ್ನು ನೀತಿಯೆಂದು ನಂಬಿದ ದೇಶ ಇದು, ಗಲ್ಲನ್ನೇ ಪೂರ್ತಿ ತೆಗೆಯುವುದು ಸರಿಯಾದ ದಾರಿ ಎಂಬುದು ಅವರ ಅಭಿಪ್ರಾಯವಾಗಿತ್ತು. ಏಳು ವರ್ಷದ ಮೇಲೆ ಅವರು ಬುದ್ಧನ ದಾರಿ ಹಿಡಿದರು. ಜೌರಾದ ಶರಣಾಗತಿ ನಡೆದ ಏಪ್ರಿಲ್ 14 ನಾವು ಊರೂರಲ್ಲಿ ಅಂಬೇಡ್ಕರ್ ಜಯಂತಿ ಮಾಡುವ ದಿನವೇ.

ಇನ್ನೂ ಹಿಂದೆ ಹೋದರೆ ಕಲ್ಯಾಣ. ಬಸವ ಜಯಂತಿಯಲ್ಲಿ ನಾವೆಲ್ಲ ಕೇಳುವ ಕತೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಬಿಜ್ಜಳ ಆ ಇಬ್ಬರು ತಂದೆಯರಿಗೆ ಎಳೆಹೂಟೆ ಶಿಕ್ಷೆ ಕೊಟ್ಟ. ರಾಜನ ಕಾನೂನಿನ ಪ್ರಕಾರ ಅದೂ ಶಿಕ್ಷೆಯೇ. ಅದರ ಬೆನ್ನಿಗೆ ಬಿಜ್ಜಳನೂ ಕೊಲೆಯಾದ, ಕಲ್ಯಾಣ ಚೆಲ್ಲಾಪಿಲ್ಲಿಯಾಯಿತು. ಶರಣರ ಪರಂಪರೆ ಆ ಎಳೆಹೂಟೆಯನ್ನು ಇವತ್ತಿಗೂ ಮರೆತಿಲ್ಲ.

ಹಾಗೆಂದು ಧರ್ಮಗಳೆಲ್ಲ ಗಲ್ಲನ್ನು ಬೇಡ ಎಂದಿವೆ ಎಂದರೆ ಸುಳ್ಳಾಗುತ್ತದೆ. ದಂಡನೆಯ ಮಾತು ಎಲ್ಲ ಧರ್ಮಗಳ ಗ್ರಂಥಗಳಲ್ಲೂ ಇದೆ, ಕ್ಷಮೆಯ ಮಾತೂ ಇದೆ. ಇಸ್ಲಾಮಿನಲ್ಲಿ ಕೊಲೆಯಾದವರ ವಾರಸುದಾರರಿಗೆ ಕ್ಷಮಿಸುವ ಹಕ್ಕಿದೆ. ಕ್ಯಾಥೊಲಿಕ್ ಚರ್ಚ್ ನೂರಾರು ವರ್ಷ ಗಲ್ಲನ್ನು ಒಪ್ಪಿತ್ತು. 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಅದು ಯಾವ ಸಂದರ್ಭದಲ್ಲೂ ಸಲ್ಲದು ಎಂದು ಚರ್ಚಿನ ಬೋಧನೆಯನ್ನೇ ತಿದ್ದಿದರು. ಯಾವ ಮಾತನ್ನು ಎತ್ತಿಕೊಳ್ಳಬೇಕು ಎನ್ನುವುದು ನಂಬುವವರ ಕೈಯಲ್ಲಿದೆ.

ನಮ್ಮ ಕಾಡಿನಲ್ಲಿ ಆಗದ್ದು

ಚಂಬಲ್‌ನಂಥ ಶರಣಾಗತಿ ನಮ್ಮ ರಾಜ್ಯದಲ್ಲಿ ಆಗಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವೀರಪ್ಪನ್ ಇದ್ದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದ. 2000ನೇ ಇಸವಿಯ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗೆ ಮಣಿದು ಸರ್ಕಾರ ಟಾಡಾ ಕೈದಿಗಳ ಮೇಲಿನ ಕೇಸು ಹಿಂಪಡೆಯಲು ಹೊರಟಾಗ ಸುಪ್ರೀಂ ಕೋರ್ಟಿಗೆ ಹೋಗಿ ತಡೆದವರು ಅಬ್ದುಲ್ ಕರೀಂ. ವೀರಪ್ಪನ್ ತಂಡ ಕೊಂದ ಎಸ್‌ಐ ಶಕೀಲ್ ಅಹಮದ್ ಅವರ ತಂದೆ. ಆ ತಂದೆ ಕೋರ್ಟಿನಲ್ಲಿ ಕೇಳಿದ್ದು ಕಾನೂನು ತನ್ನ ದಾರಿಯಲ್ಲಿ ನಡೆಯಲಿ ಎಂದು. ಜೌರಾದಲ್ಲಿ ಶರಣಾದವರು ತಾವಾಗಿ ಬಂದಿದ್ದರು. ಇಲ್ಲಿ ಸರ್ಕಾರದ ಕುತ್ತಿಗೆ ಹಿಡಿದು ಕೇಳಲಾಗಿತ್ತು. ಕರುಣೆಗೂ ಹೆದರಿಕೆಗೂ ಇರುವ ಅಂತರ ಅದು.

ಪಾಲಾರ್ ಪ್ರಕರಣದಲ್ಲಿ ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟ್ 2001ರಲ್ಲಿ ಜೀವಾವಧಿ ಕೊಟ್ಟಿತು. ಅವರು ಅಪೀಲು ಹೋದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ದೆಹಲಿಯಲ್ಲಿ ಕೂತಿತ್ತು. 2013ರ ಫೆಬ್ರುವರಿಯಲ್ಲಿ ತಿರಸ್ಕಾರವಾದಾಗ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣಿನ ಮಾತು ಶುರುವಾಯಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಜನವರಿ 21ರಂದು ಈ ನಾಲ್ವರೂ ಸೇರಿ ದೇಶದ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಹಗ್ಗದ ನೆರಳಲ್ಲಿ ವರ್ಷಗಟ್ಟಲೆ ಕೂರಿಸುವುದೇ ಇನ್ನೊಂದು ಶಿಕ್ಷೆ ಎಂಬುದು ತೀರ್ಪಿನ ತಿರುಳು. ಅದೇ ಹಿಂಡಲಗಾದಲ್ಲಿ ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದ ಇನ್ನೊಬ್ಬ ಅಪರಾಧಿಯ ಗಲ್ಲನ್ನೂ 2022ರ ನವೆಂಬರ್‌ನಲ್ಲಿ ಕೋರ್ಟ್ ಇಳಿಸಿತು, ಕನಿಷ್ಠ 30 ವರ್ಷ ಜೈಲು ಎಂಬ ಷರತ್ತಿನ ಮೇಲೆ.

ದಂಡುಪಾಳ್ಯದ ಹೆಸರಿನ ತಂಡಕ್ಕೂ ವಿಶೇಷ ನ್ಯಾಯಾಲಯ ಗಲ್ಲು ವಿಧಿಸಿತ್ತು. ಹೈಕೋರ್ಟಿನಲ್ಲಿ ಕೆಲವರ ಗಲ್ಲು ಜೀವಾವಧಿಗೆ ಇಳಿಯಿತು. ನಾವು ‘ಗಲ್ಲಿಗೇರಿಸಿ’ ಎಂದು ಬರೆದ ಸುದ್ದಿಗಳೆಲ್ಲ ಹಳೆಯವಾದವು. ಆ ಕೊಲೆಗಳಲ್ಲಿ ಸತ್ತವರ ಮನೆಗಳಿಗೆ ನಾವು ಮತ್ತೆ ಹೋಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹಗ್ಗದ ಸುದ್ದಿಗೆ ಓಡುವ ನಾವು, ಅನಾಥರಾದ ಮಕ್ಕಳು ಏನು ಓದಿದರು ಎಂದು ಕೇಳುವುದಿಲ್ಲ.

ದೇವನಹಳ್ಳಿಯ ಕೋರಮಂಗಲ

ಕೋರಮಂಗಲ ಎಂದರೆ ಎಲ್ಲರಿಗೂ ಬೆಂಗಳೂರಿನ ಬಡಾವಣೆ ನೆನಪಾಗುತ್ತದೆ. ನಮ್ಮ ದೇವನಹಳ್ಳಿ ತಾಲೂಕಿನಲ್ಲೂ ಒಂದು ಕೋರಮಂಗಲ ಇದೆ. ಅಲ್ಲಿ ರಾಜ್ಯದ ಬಯಲು ಬಂದೀಖಾನೆ ಇದೆ. ಒಳ್ಳೆಯ ನಡತೆಯ ಕೈದಿಗಳು ಅಲ್ಲಿ ಎತ್ತರದ ಗೋಡೆಯಿಲ್ಲದೆ ಬೇಸಾಯ ಮಾಡುತ್ತಾರೆ. ಜೀವಾವಧಿ ಶಿಕ್ಷೆಯವರೂ ಅಲ್ಲಿಗೆ ಬರುತ್ತಾರೆ. ಮುಂಗಾವಲಿಯಲ್ಲಿ ಚಂಬಲ್‌ನವರಿಗೆ ಮಾಡಿದಂಥದ್ದೇ ನಮ್ಮ ಹೊಲಗಳ ಪಕ್ಕದಲ್ಲೂ ನಡೆದಿದೆ. ಹಗ್ಗವೊಂದೇ ದಾರಿಯಲ್ಲ ಎಂದು ನೋಡಲು ಮಧ್ಯಪ್ರದೇಶಕ್ಕೆ ಹೋಗಬೇಕಿಲ್ಲ.

ಸುಬ್ಬರಾವ್ 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ತೀರಿಕೊಂಡರು. 92 ವರ್ಷವಾಗಿತ್ತು. ಅಂತ್ಯಸಂಸ್ಕಾರ ಆದದ್ದು ಜೌರಾದ ಆಶ್ರಮದಲ್ಲಿ, ಬಂದೂಕುಗಳು ಕೆಳಗಿಳಿದ ಊರಿನಲ್ಲಿ. ಅವರು ಹುಟ್ಟಿದ ನಮ್ಮ ಕಡೆ ಅವರ ಹೆಸರು ಗೊತ್ತಿರುವವರು ಕಡಿಮೆ. ಮಾಧೋ ಸಿಂಗ್, ವೀರಪ್ಪನ್, ದಂಡುಪಾಳ್ಯ, ಈ ಹೆಸರುಗಳು ನಮಗೆ ಬಾಯಿಪಾಠ.

ಗಲ್ಲು ಇರಬೇಕೋ ಬೇಡವೋ ಎಂದು ನಿಮಗೆ ಹೇಳಿಕೊಡುವಷ್ಟು ದೊಡ್ಡವರು ನಾವಲ್ಲ. ನಮ್ಮಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಆದರೆ ಮುಂದಿನ ಸಲ ಗ್ರೂಪಿನಲ್ಲಿ ‘ಗಲ್ಲಿಗೇರಿಸಿ’ ಎಂದು ಒತ್ತುವ ಮುಂಚೆ, ಬರಿಗೈಯಲ್ಲಿ ಕಣಿವೆಗಿಳಿದ ಆ ಚಡ್ಡಿ ತೊಟ್ಟ ಮನುಷ್ಯನನ್ನು ಒಮ್ಮೆ ನೆನೆಯೋಣ. ಆಮೇಲೆ ಸತ್ತವರ ಮನೆಗೆ ನಮ್ಮಿಂದ ಏನು ಆದೀತು ಎಂದೂ ಕೇಳಿಕೊಳ್ಳೋಣ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಸುಬ್ಬರಾವ್ ಅವರ ಯುವ ಶಿಬಿರಗಳಿಗೆ ಹೋಗಿಬಂದ ಹಿರಿಯರು ಯಾರಾದರೂ ಇದ್ದರೆ ನಮಗೆ ತಿಳಿಸಿ. ಬಂದು ಕೂತು ಕೇಳಿ ಬರೆಯುತ್ತೇವೆ.